ಹರಿಯದೆ ಉಳಿದ ಅಂಗಿ

"ಗೋಡೆ ನೋಡೋಕೆ ಅಷ್ಟು ದೂರದಿಂದ ಬಂದ್ಯಾ?"

ದುನ್ಯಾ ಹಾಗೆ ಕೇಳಿದರೂ ರಾದೋಯೆ ತಿರುಗಲಿಲ್ಲ. ಮೂರು ತಿಂಗಳಿಂದ ಅಕ್ಕನ ಊರಲ್ಲಿದ್ದ ಗಂಡ, ಬಸುರಿ ಹೆಂಡತಿ ಬಿ.ಪಿ. ಏರಿ ಆಸ್ಪತ್ರೆ ಸೇರಿದಳೆಂದು ಕೇಳಿ ಓಡಿಬಂದಿದ್ದ. ಬಂದವನು ಸ್ಕ್ಯಾನಿಂಗ್ ಪರದೆಗೆ ಬೆನ್ನು ಹಾಕಿ ನಿಂತಿದ್ದ!

ಡಾಕ್ಟರ್ ಸ್ತಾನಾ ಅವಳ ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಯಂತ್ರದ ಹಿಡಿಯನ್ನು ಒತ್ತಿದರು. ಶ್ಶ್... ಶ್ಶ್... ಹೊಕ್ಕುಳ ಬಳ್ಳಿಯಲ್ಲಿ ರಕ್ತ ಹರಿಯುವ ಸದ್ದು.

"ಬಡಿತ ಬಂದಾಗ ರಕ್ತ ಹರೀತಿದೆ. ಆದ್ರೆ ಎರಡು ಬಡಿತದ ನಡುವೆ ನಿಂತುಬಿಡ್ತಿದೆ ದುನ್ಯಾ. ನಿಲ್ಲಬಾರದು."

"ನಿಂತ್ರೆ?"

"ಮಗೂಗೆ ಸಾಕಾಗಲ್ಲ. ದಿನಾ ನೋಡ್ತೀನಿ. ಹಿಂದಕ್ಕೆ ಹರಿಯೋಕೆ ಶುರುವಾದ್ರೆ ಕಾಯೋ ಹಾಗಿಲ್ಲ, ಆಪರೇಷನ್ನೇ. ಆದ್ರೆ ಈಗಿನ್ನೂ ಏಳನೇ ತಿಂಗಳು... ತೀರಾ ಸಣ್ಣದು."

ರಾದೋಯೆ ಸದ್ದಿಲ್ಲದೆ ಹೊರಗೆ ಹೋದ.

ಇವನಿಗೆ ಈ ಮಗು ಬೇಡ... ದುನ್ಯಾಳಿಗೆ ಅದು ಎಂದೋ ಖಾತ್ರಿಯಾಗಿತ್ತು.

ಅವರ ಕಡೆ ಮಗು ಹುಟ್ಟಿತೆಂದರೆ ಗೆಳೆಯರು ಸಂಭ್ರಮಕ್ಕೆ ಅಪ್ಪನ ಮೇಲೆ ಬಿದ್ದು ಅವನ ಅಂಗಿಯನ್ನು ಚಿಂದಿ ಮಾಡುತ್ತಾರೆ. ಹೋದ ವರ್ಷ ರಾದೋಯೆ ಅದಕ್ಕೆಂದೇ ಹೊಸ ಬಿಳಿ ಅಂಗಿ ತೊಟ್ಟು ಆಸ್ಪತ್ರೆಯ ಕಿಟಕಿಯ ಕೆಳಗೆ ನಿಂತಿದ್ದ. ಮಗ ಉಸಿರಿಲ್ಲದೆ ಹುಟ್ಟಿದ. ಅಂಗಿ ಹರಿಯದೆ ಮನೆಗೆ ಮರಳಿತು. ಅಂದೇ ಅವನು ತಾನು ಮಾಡಿದ್ದ ಆಕ್ರೋಟು ಮರದ ತೊಟ್ಟಿಲನ್ನು ಒಡೆದು ಒಲೆಗೆ ಹಾಕಿದ. ಮತ್ತೆ ಬಸುರಿ ಎಂದು ಅವಳು ಹೇಳಿದ ಮೇಲೆ ಒಮ್ಮೆಯೂ ಅವಳ ಹೊಟ್ಟೆ ಮುಟ್ಟಲಿಲ್ಲ. ಆಮೇಲೆ ಮನೆಯನ್ನೇ ಬಿಟ್ಟ.

ಮರುದಿನದ ಸ್ಕ್ಯಾನಿಂಗ್‌ಗೂ ರಾದೋಯೆ ಬಂದು ಗೋಡೆಗೆ ಮುಖ ಮಾಡಿ ನಿಂತ. ಡಾಕ್ಟರ ಕೈ ತಟ್ಟನೆ ನಿಂತಿತು.

"ಹಿಂದಕ್ಕೆ ಹರೀತಿದೆ. ಇವತ್ತೇ ತೆಗೀಬೇಕು."

ದುನ್ಯಾಳಿಗೆ ತಡೆಯಲಾಗಲಿಲ್ಲ. "ಸಮಾಧಾನ ಆಯ್ತಾ ರಾದೋಯೆ? ಬೇಡ ಅಂತಿದ್ದೆಯಲ್ಲ!"

"ಬೇಡ ಅಂದೋರು ಯಾರೇ?" ಅವನು ಮೊದಲ ಬಾರಿಗೆ ತಿರುಗಿದ. ಮುಖವೆಲ್ಲ ಒದ್ದೆ. "ಹುಟ್ಟೋಕೆ ಮುಂಚೆ ಏನೂ ಮಾಡಿಡಬೇಡ ಅಂತ ಅಮ್ಮ ಬಡ್ಕೊಂಡ್ಳು. ಕೇಳದೆ ತೊಟ್ಟಿಲು ಮಾಡಿದೆ. ನನ್ನ ಕೈಯಿಂದಲೇ ಹೋದ ಅವನು... ಈ ಸಲ ನನ್ನ ಕೈ, ನನ್ನ ಕಣ್ಣು, ಯಾವುದೂ ಮಗು ಹತ್ರ ಹೋಗಬಾರದು ಅಂತ ದೂರ ಇದ್ದೆ."

ದುನ್ಯಾ ಅವನನ್ನೇ ನೋಡಿದಳು. ಇಷ್ಟು ದಿನ ಇದನ್ನು ಹೊತ್ತುಕೊಂಡು ಒಬ್ಬನೇ ಇದ್ದನೇ?

"ಅಯ್ಯೋ ದಡ್ಡಪ್ಪಾ," ಎಂದರು ಡಾಕ್ಟರ್, "ಆ ಮಗೂನ ತಿಂದಿದ್ದು ಬಿ.ಪಿ.ನೇ, ತೊಟ್ಟಿಲಲ್ಲ. ಬಾ ಇಲ್ಲಿ."

ಅಂಗೈಯನ್ನು ಅವನು ಅವಳ ಹೊಟ್ಟೆಯ ಮೇಲಿಟ್ಟ. ಒಳಗೆ ಸಣ್ಣ ಒದೆತ... ಇಬ್ಬರೂ ಅತ್ತರು.

ಮಗಳು ಹುಟ್ಟಿದಳು. ಒಂದು ಕಿಲೋ ಕೂಡ ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಯಂತ್ರವೇ ಅವಳಿಗೆ ಉಸಿರು ಕೊಡುತ್ತಿತ್ತು.

"ಉಳಿಸ್ತೀನಿ ಅಂತ ಮಾತು ಕೊಡಲಾರೆ ದುನ್ಯಾ," ಎಂದರು ಡಾಕ್ಟರ್. "ಈಗಂತೂ ಇದ್ದಾಳೆ."

ಮರುದಿನ ದುನ್ಯಾ ಆಪರೇಷನ್ನಿನ ಹೊಲಿಗೆ ಹಿಡಿದುಕೊಂಡು ಕಿಟಕಿಯವರೆಗೆ ನಡೆದಳು. ಕೆಳಗೆ ಹಿಮದಲ್ಲಿ ರಾದೋಯೆ ನಿಂತಿದ್ದ, ಕೋಟಿನೊಳಗೆ ಅದೇ ಬಿಳಿ ಅಂಗಿ. ಪಕ್ಕದಲ್ಲಿ ಗೆಳೆಯ ಮಿಲೋರಾದ್ ಕೈಗಳನ್ನು ಜೇಬಿಗೆ ತುರುಕಿಕೊಂಡು ನೆಲ ನೋಡುತ್ತಿದ್ದ. ಅವಳಿಗೆ ಅರ್ಥವಾಯಿತು. ನಾಳೆ ಮಗು ಇರದಿದ್ದರೆ ಎಂಬ ಭಯಕ್ಕೆ ಅಂಗಿ ಮುಟ್ಟಲು ಅವನಿಗೆ ಧೈರ್ಯವಿಲ್ಲ!

ಅವಳು ಕಿಟಕಿ ತೆರೆದಳು.

"ಏ ಮಿಲೋರಾದ್, ಕೈಗೆ ಏನಾಗಿದೆಯೋ? ಹರಿ!"

"ಅತ್ತಿಗೆ... ಇನ್ನೆರಡು ದಿನ ನೋಡಿ..."

"ನನ್ನ ಮಗಳು ಹುಟ್ಟಿದ್ದಾಳೆ! ನಾಳೆ ಏನಾದ್ರೂ ಆಗ್ಲಿ, ಹುಟ್ಟಿದ್ದಂತೂ ಸುಳ್ಳಾಗಲ್ಲ. ಹರಿಯೋ!"

ರಾದೋಯೆಯೇ ಕೋಟು ಕಳಚಿ ಎದೆ ಮುಂದೆ ಮಾಡಿದ. ಮಿಲೋರಾದ್ ಅಳುತ್ತಲೇ ಕಾಲರಿಗೆ ಕೈ ಹಾಕಿದ. ಬಟ್ಟೆ ಪರ್ರೆಂದು ಹರಿಯಿತು.

"ಚಳಿ ಆಗ್ತಿಲ್ವೇನೋ?" ದುನ್ಯಾ ಕೂಗಿದಳು.

"ಆಗ್ತಿದೆ ಕಣೇ!"

"ಹಾಗಾದ್ರೆ ಮೇಲೆ ಬಾ. ಆ ಪೆಟ್ಟಿಗೇಲಿ ಕೈ ತೂರಿಸೋಕೆ ಜಾಗ ಇದೆಯಂತೆ... ಅವಳು ಇನ್ನೂ ಅಪ್ಪನ ಕೈ ಹಿಡಿದಿಲ್ಲ."