ಗ್ರಾಹಕರಿಗೆ ಮಾತ್ರ

‘ಇದು ಸುಳ್ಳು. ಇಲ್ಲಿನ ವೈಫೈ ಗ್ರಾಹಕರಿಗೆ ಮಾತ್ರ. ಬರೆದವರು ಒಮ್ಮೆ ಬಂದು ನೋಡಲಿ.’

ಊರಿನವರೇ ಸೇರಿ ಆನ್‌ಲೈನಿನಲ್ಲಿ ಮಾಡುತ್ತಿದ್ದ ನಕ್ಷೆಯ ಮೇಲೆ ಕನ್ನಡಕದ ಅಂಗಡಿಯೊಂದರಿಂದ ಈ ದೂರು ಬಿದ್ದಾಗ ಅಳತೆಗೋಲಿನ ಎದೆ ಧಸಕ್ಕೆಂದಿತು. ಎಲ್ಲವನ್ನೂ ಅಳೆದು ನೋಡುವವಳೆಂದು ಗೆಳತಿಯರು ಅವಳಿಗಿಟ್ಟ ಹೆಸರದು. ಯಾವ ಅಂಗಡಿಯ ವೈಫೈ ಎಲ್ಲರಿಗೂ, ಯಾವುದು ಗ್ರಾಹಕರಿಗೆ ಮಾತ್ರ ಎಂದು ಆ ಬೀದಿಯ ಪ್ರತಿ ಬಾಗಿಲಲ್ಲೂ ಕೇಳಿಯೇ ಬರೆದಿದ್ದಳು, ಒಂದು ಬಾಗಿಲು ಬಿಟ್ಟು. ಆ ಕನ್ನಡಕದ ಅಂಗಡಿಯ ಮುಂದೆ ಮಾತ್ರ ತಲೆತಗ್ಗಿಸಿ ನಡೆದಿದ್ದಳು. ಫೋನು ತಾನಾಗಿಯೇ ಕನೆಕ್ಟ್ ಆಗಿತ್ತು. ‘ಎಲ್ಲರಿಗೂ, ಪಾಸ್‌ವರ್ಡ್ ಬೇಡ’ ಎಂದು ಬರೆದು ಓಡಿದ್ದಳು.

ತಪ್ಪು ಬರೆದವರೇ ಹೋಗಿ, ಕಣ್ಣಾರೆ ನೋಡಿ ತಿದ್ದಬೇಕು ಎಂಬುದು ನಕ್ಷೆಯ ಬಳಗದ ನಿಯಮ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಹೊರಟಳು.

ಎರಡು ವರ್ಷದ ಹಿಂದೆ ಅದೇ ಅಂಗಡಿಯವನಿಗೆ, ‘ನಮ್ಮಿಬ್ಬರ ವಿಷಯ ನಿಮ್ಮಕ್ಕನಿಗೆ ಹೇಳು’ ಎಂದಿದ್ದಳು. ಅವನು ಬಾಯಲ್ಲಿ ನೀರು ತುಂಬಿಕೊಂಡವನಂತೆ ನಿಂತಿದ್ದ. ಅಂದು ಮೆಟ್ಟಿಲಿಳಿದವಳು ಮತ್ತೆ ಹತ್ತಿರಲಿಲ್ಲ. ಇವತ್ತೂ ಅವನು ಸುಮ್ಮನಿದ್ದರೆ ಲೇಬಲ್ ತಿದ್ದಿ, ಈ ಬೀದಿಗೇ ಕೈಮುಗಿದುಬಿಡಬೇಕು ಎಂದು ಗಟ್ಟಿಮಾಡಿಕೊಂಡಿದ್ದಳು.

“ನೀವಾ ಬರೆದಿದ್ದು?” ಎಂದ ಅವನು. ಆ ‘ನೀವು’ ಅವಳನ್ನು ಚುಚ್ಚಿತು. ಆದರೆ ಅವನ ಕಣ್ಣು ಅವಳ ಕನ್ನಡಕದ ಮೇಲಿತ್ತು. ಅವನೇ ಆರಿಸಿಕೊಟ್ಟ ಫ್ರೇಮ್. ಎಡಗಡೆ ಸೊಟ್ಟಗಾಗಿತ್ತು.

ಕೌಂಟರಿನಲ್ಲಿದ್ದ ಅವನ ಅಕ್ಕ ಸಿಡಿದಳು. “ನಕ್ಷೆಯಲ್ಲಿ ಫ್ರೀ ಅಂತಿದೆ, ಕೊಡಿ ಅಂತ ದಿನಾ ಜಗಳಕ್ಕೆ ಬರ್ತಾರಮ್ಮ! ನಿನ್ನೆ ಒಬ್ಬ ಫ್ರೇಮ್ ಸ್ಟ್ಯಾಂಡನ್ನೇ ಬೀಳಿಸಿ ಹೋದ.”

“ನನ್ನ ಫೋನು ಪಾಸ್‌ವರ್ಡ್ ಕೇಳಲೇ ಇಲ್ಲ. ನೋಡಿ.”

ನಿಜ. ಕನೆಕ್ಟ್ ಆಗಿಯೇ ಇತ್ತು. ಮೆಷಿನ್ನಿಗೆ ಗಲ್ಲವಿಟ್ಟು ಕಣ್ಣು ತೋರಿಸುತ್ತಿದ್ದ ಗಿರಾಕಿಯೊಬ್ಬರು ತಮ್ಮ ಫೋನು ಚಾಚಿದರು. ಅದು ಪಾಸ್‌ವರ್ಡ್ ಕೇಳಿತು.

ಆಗ ಅವಳಿಗೆ ಹೊಳೆಯಿತು. ಎರಡು ವರ್ಷದ ಹಿಂದೆ ಅವನೇ ಅವಳ ಫೋನಿನಲ್ಲಿ ಹಾಕಿಕೊಟ್ಟ ಪಾಸ್‌ವರ್ಡನ್ನು ಫೋನು ಮರೆತೇ ಇರಲಿಲ್ಲ. ಊರೆಲ್ಲ ಅಳೆಯುವವಳು ತನ್ನ ಫೋನನ್ನೇ ನೋಡಿಕೊಂಡಿರಲಿಲ್ಲ.

“ಅಂದ್ರೆ... ಇಷ್ಟು ದಿನ ಬದಲಾಯಿಸೇ ಇಲ್ವಾ?”

“ಎಲ್ಲಿ ಬಿಡ್ತಾನೆ!” ಅಕ್ಕ ಲ್ಯಾಪ್‌ಟಾಪನ್ನು ತಮ್ಮನ ಮುಂದೆ ನೂಕಿದಳು. “ಕೇಳಿದಾಗೆಲ್ಲ ಹಟ. ಇವತ್ತು ಬಿಡಲ್ಲ. ಈಗಲೇ, ನನ್ನೆದುರಿಗೇ ಬದಲಾಯಿಸು.”

ಅವನ ಕಿವಿ ಕೆಂಪಾಯಿತು. ಬೆರಳು ಕೀಲಿಮಣೆಯ ಮೇಲೇ ನಿಂತಿತು. ಅವಳು ಕಾದಳು. ‘ಗ್ರಾಹಕರಿಗೆ ಮಾತ್ರ’ ಎಂದು ತಿದ್ದಿದಳು. ಇನ್ನೂ ಕಾದಳು.

“ತಿದ್ದಿದ್ದೀನಿ. ಬರ್ತೀನಿ.”

ಒಂದು ಕಾಲು ಮೆಟ್ಟಿಲ ಮೇಲಿತ್ತು.

“ಅಕ್ಕಾ,” ಎಂದ ಅವನು, ದನಿ ಒಡೆದಿತ್ತು. “ಇವಳು ಯಾವತ್ತಾದ್ರೂ ಬಂದ್ರೆ ಹೊರಗಿನವಳ ಥರ ಪಾಸ್‌ವರ್ಡ್ ಕೇಳಬಾರದು ಅಂತ ಹಾಗೇ ಇಟ್ಟಿದ್ದೆ. ಆಗಲೇ ನಿನಗೆ ಹೇಳಬೇಕಿತ್ತು, ಹೆದರಿದೆ. ನಾನು ಇವಳನ್ನ ಪ್ರೀತಿಸ್ತೀನಿ.”

ಗಿರಾಕಿ ಗಲ್ಲವೆತ್ತಿ ತಿರುಗಿದರು.

“ನೀವು ಅಲುಗಾಡಬೇಡಿ!” ಎಂದು ಅವರನ್ನು ಗದರಿ, ಅಕ್ಕ ತಮ್ಮನತ್ತ ತಿರುಗಿದಳು. “ಇಷ್ಟು ಹೇಳೋಕೆ ಎರಡು ವರ್ಷ ಬೇಕಾಯ್ತೇನೋ? ನನ್ನ ಸ್ಟ್ಯಾಂಡ್ ಬೇರೆ ಹೋಯ್ತು! ಪಾಸ್‌ವರ್ಡ್ ಮೊದಲು ಬದಲಾಯಿಸು. ಆಮೇಲೆ ಆ ಹುಡುಗಿಗೊಂದು ಕುರ್ಚಿ ಹಾಕು.”

ಬದಲಾಯಿಸಿದ. ಅವಳ ಫೋನು ಎರಡು ವರ್ಷದಲ್ಲಿ ಮೊದಲ ಬಾರಿಗೆ ಪಾಸ್‌ವರ್ಡ್ ಕೇಳಿತು.

“ಗ್ರಾಹಕರಿಗೆ ಮಾತ್ರ ಅಲ್ವಾ?” ಎಂದಳು, ಕಣ್ಣೊರೆಸಿಕೊಂಡು. “ನಾನೇನೂ ತಗೊಳಲ್ಲ.”

“ನಿನ್ನ ಫ್ರೇಮ್ ಸೊಟ್ಟಗಾಗಿದೆ. ಕೂತ್ಕೋ.”

ಎರಡೂ ಕೈಯಿಂದ ಮೆಲ್ಲಗೆ ಅವಳ ಕನ್ನಡಕ ತೆಗೆದ. ಅಂಗಡಿಯೆಲ್ಲ ಮಸುಕಾಯಿತು. ಅವನು ಬಾಗಿದ.

“ನಾನು ಕಾಣಿಸ್ತಿದ್ದೀನಾ?”

“ಇಲ್ಲ,” ಎಂದಳು. “ಇನ್ನೂ ಸ್ವಲ್ಪ ಹತ್ತಿರ ಬಾ.”