ಬಟ್ಟೆ ಕತ್ತರಿ ಮತ್ತು ಧರ್ಮಯೋಧೆ

"ಇನ್ನೇನು ಆಗೇ ಹೋಯ್ತು, ಗುಂಡಿ ಹಾಕೋದೊಂದೇ ಬಾಕಿ" ಎಂದು ಅಮ್ಮ ಬಾಗಿಲಲ್ಲಿ ನಿಂತು ನರ್ಸ್ ಆಂಟಿಗೆ ಹೇಳುತ್ತಿದ್ದಳು.

"ಇಲ್ಲ ಆಂಟಿ, ಬಟ್ಟೆ ಇನ್ನೂ ಕಟ್ ಮಾಡೇ ಇಲ್ಲ" ಎಂದಳು ಗುಬ್ಬಿ, ಹೊಲಿಗೆ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕಾಲಾಡಿಸುತ್ತಾ.

ಅಮ್ಮನ ಮುಖ ಸಪ್ಪಗಾಯಿತು. ನರ್ಸ್ ಆಂಟಿ ಒಳಗೆ ಇಣುಕಿ ನೋಡಿದರು. ಅವರು ಕೋಟು ಹೊಲಿಯಲು ಕೊಟ್ಟಿದ್ದ ಬಿಳಿ ಬಟ್ಟೆ, ಕೊಟ್ಟ ಮಡಿಕೆಯಲ್ಲೇ ಮೇಜಿನ ಮೇಲೆ ಕೂತಿತ್ತು.

ಸೋಮವಾರ ಅವರು ಹೊಸ ಆಸ್ಪತ್ರೆಗೆ ಸೇರಬೇಕಿತ್ತು. ಕೋಟು ಚೆನ್ನಾಗಿ ಬಂದರೆ ಅಲ್ಲಿನವರನ್ನೆಲ್ಲ ನಿಮ್ಮ ಹತ್ತಿರವೇ ಕಳಿಸುತ್ತೇನೆ ಎಂದು ಮೊದಲೇ ಹೇಳಿದ್ದರು. ಈಗ ಜಗಳವನ್ನೂ ಆಡದೆ ಬಟ್ಟೆಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೇ ಹೋದರು.

ಗುಬ್ಬಿ ಎನ್ನುವುದು ಮನೆಯವರು ಇಟ್ಟ ಹೆಸರು. ಅವಳು ಐದು ನಿಮಿಷ ಸುಮ್ಮನಿದ್ದರೆ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಈಚೆಗಂತೂ ಕೇಳುವುದೇ ಬೇಡ. ಅಣ್ಣನ ಕಂಪ್ಯೂಟರ್ ಗೇಮಿನಲ್ಲಿ ಅವಳು ಧರ್ಮಯೋಧೆಯಾಗಿದ್ದಳು.

ಅಣ್ಣ ಮಂತ್ರವಾದಿ. ಅವನು ಏನು ಬೇಕಾದರೂ ಮಾಡಬಹುದು. ಧರ್ಮಯೋಧೆ ಹಾಗಲ್ಲ. ಹಿಂದಿನಿಂದ ಹೊಡೆಯುವಂತಿಲ್ಲ, ಸೋತು ಬಿದ್ದವರ ಮೇಲೆ ಕತ್ತಿ ಎತ್ತುವಂತಿಲ್ಲ. ಸುಳ್ಳು ಹೇಳಿದರಂತೂ ಗುರಾಣಿಯ ಬೆಳಕು ಕಡಿಮೆಯಾಗುತ್ತದೆ. ಗುಬ್ಬಿಯ ಗುರಾಣಿ ಇಪ್ಪತ್ತು ದಿನದಿಂದ ಫುಲ್ ಲೈಟಿನಲ್ಲಿತ್ತು. ಸೇತುವೆ ಕಾಯುವ ರಾಕ್ಷಸ 'ನಿನ್ನ ಜೊತೆ ಇನ್ಯಾರಿದ್ದಾರೆ?' ಎಂದು ಕೇಳಿದಾಗ ಅವಳು ಪೊದೆಯಲ್ಲಿ ಅಡಗಿದ್ದ ಮಂತ್ರವಾದಿಯನ್ನೂ ತೋರಿಸಿಬಿಟ್ಟಿದ್ದಳು. ಆಮೇಲೆ ಅಣ್ಣ ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದ.

"ನಾನು ನಿಜ ತಾನೇ ಹೇಳಿದ್ದು ಅಮ್ಮ?" ಎಂದು ಗುಬ್ಬಿ ಕೇಳಿದಳು. ಬೈಗುಳ ಬರುತ್ತದೆ ಎಂದು ತಯಾರಾಗಿಯೇ ಇದ್ದಳು.

ಅಮ್ಮ ಬೈಯಲಿಲ್ಲ. "ನಿಜಾನೇ. ನಾನೇ ಹಾಗೆ ಹೇಳಬಾರದಿತ್ತು" ಎಂದು ಮೇಜಿನ ಮುಂದೆ ಕೂತು, ತನ್ನ ದೊಡ್ಡ ಕತ್ತರಿಯನ್ನು ತೆಗೆದು ತೆರೆದು ಮುಚ್ಚಿ ನೋಡಿದಳು. ಐದು ದಿನದಿಂದ ಹೀಗೇ ಆಗುತ್ತಿದೆ, ಚೂರು ಬಟ್ಟೆಯ ಮೇಲೆ ಹಾಕಿ ನೋಡಿದರೆ ಕತ್ತರಿಸುವ ಬದಲು ಅಗಿಯುತ್ತದೆ ಎಂದಳು.

"ಹೋದ ವಾರವಷ್ಟೇ ಸಾಣೆ ಹಿಡಿಸಿದ್ದು. ಕತ್ತರಿ ಸರಿಯಾಗೇ ಇರುತ್ತೆ. ನನ್ನ ಕೈಯಲ್ಲೇ ಬಲ ಹೋಗ್ತಿದೆ ಅನ್ಸುತ್ತೆ ಮರಿ. ಆ ಬಿಳಿ ಬಟ್ಟೆಗೆ ಕತ್ತರಿ ಹಾಕೋಕೆ ಧೈರ್ಯವೇ ಬರಲಿಲ್ಲ."

ಗುಬ್ಬಿಯ ಕಾಲಾಟ ನಿಂತಿತು.

ಮನೆಯಲ್ಲಿ ಅಮ್ಮನದೊಂದು ಕಟ್ಟುನಿಟ್ಟಾದ ನಿಯಮವಿತ್ತು. ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಬಾರದು, ಒಂದು ಚೂರೂ ಕತ್ತರಿಸಬಾರದು. ಕತ್ತರಿಸಿದರೆ ಹರಿತ ಹೋಗುತ್ತದೆ. ಆದರೆ ಐದು ದಿನದ ಹಿಂದೆ, ಅಮ್ಮ ನೂಲು ತರಲು ಹೋಗಿದ್ದಾಗ, ಗುಬ್ಬಿ ಅದೇ ಕತ್ತರಿಯಲ್ಲಿ ಫ್ರಿಜ್ಜಿನ ದಪ್ಪ ರಟ್ಟಿನ ಡಬ್ಬವನ್ನು ಕತ್ತರಿಸಿ, ಬೆಳ್ಳಿ ಕಾಗದ ಅಂಟಿಸಿ, ಧರ್ಮಯೋಧೆಯ ಗುರಾಣಿ ಮಾಡಿಕೊಂಡಿದ್ದಳು. ಅದು ಈಗಲೂ ಅವಳ ಮಂಚದ ಕೆಳಗಿತ್ತು.

ಕತ್ತರಿ ಮುಟ್ಟಿದೆಯಾ ಎಂದು ಯಾರೂ ಕೇಳಿರಲಿಲ್ಲ. ಕೇಳದ್ದರಿಂದ ಅವಳು ಸುಳ್ಳನ್ನೂ ಹೇಳಿರಲಿಲ್ಲ. ಈವರೆಗೆ ಅದು ಎಷ್ಟು ಸರಿಯಾದ ಲೆಕ್ಕ ಅನ್ನಿಸಿತ್ತು! ಈಗ ಗುಬ್ಬಿ ಅಮ್ಮನ ಕೈಯನ್ನೇ ನೋಡಿದಳು.

ಅವಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು.

ನರ್ಸ್ ಆಂಟಿ ಬಸ್ ಸ್ಟಾಪಿನಲ್ಲಿ ಬೇರೆ ಟೈಲರಿಗೆ ಫೋನ್ ಹಚ್ಚುತ್ತಿದ್ದರು. ಗುಬ್ಬಿ ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದಳು. ರಟ್ಟಿನ ಗುರಾಣಿ, ಮೊಂಡಾದ ಕತ್ತರಿ, ಅಮ್ಮನ ಭಯ, ಒಂದನ್ನೂ ಬಿಡಲಿಲ್ಲ. ಆಂಟಿ ಫೋನ್ ಕಟ್ ಮಾಡಿದರು.

"ಇದು ನಿಮ್ಮಮ್ಮನಿಗೆ ಗೊತ್ತಾ?"

"ಇಲ್ಲ. ನಿಮ್ಮ ಬಸ್ ಬಂದುಬಿಟ್ರೆ ಅಂತ ಮೊದಲು ಇಲ್ಲಿಗೆ ಬಂದೆ."

ಆಂಟಿಗೆ ನಗು ಬಂತು, ಆದರೂ ತಡೆದುಕೊಂಡರು. ಬ್ಯಾಗಿನಿಂದ ಬಟ್ಟೆ ತೆಗೆದು ಅವಳ ಕೈಗಿಟ್ಟು, ನಾಳೆ ಸಂಜೆ ಬರುತ್ತೇನೆ, ಅಷ್ಟರೊಳಗೆ ಆಗುವುದಾದರೆ ಮಾತ್ರ ಹೊಲಿಯಲಿ, ಆಗದಿದ್ದರೆ ಈಗಲೇ ಫೋನ್ ಮಾಡಲಿ ಎಂದರು.

ಓಡಿ ಬರುವಾಗ ದಾರಿ ಗೇಣುದ್ದ ಇತ್ತು. ವಾಪಸು ಹೋಗುವಾಗ ಮುಗಿಯಲೇ ಇಲ್ಲ. ಆಂಟಿಗೆ ಹೇಳುವುದು ಸುಲಭವಾಗಿತ್ತು. ಅವರೇನು ಗುಬ್ಬಿಯ ಅಮ್ಮ ಅಲ್ಲವಲ್ಲ.

ಮನೆಗೆ ಬಂದು ಬಟ್ಟೆಯನ್ನು ಮೇಜಿನ ಮೇಲಿಟ್ಟು, ಆಂಟಿ ಹೇಳಿ ಕಳಿಸಿದ್ದನ್ನು ಹೇಳಿದಳು. ಮಂಚದ ಕೆಳಗಿಂದ ಗುರಾಣಿಯನ್ನು ಎಳೆದು ತಂದು ಅಮ್ಮನ ಮುಂದೆ ಇಟ್ಟಳು.

"ನಿನ್ನ ಕೈಗೇನೂ ಆಗಿಲ್ಲ ಅಮ್ಮ. ಇದನ್ನ ನಾನು ಆ ಕತ್ತರಿಯಲ್ಲೇ ಕಟ್ ಮಾಡಿದ್ದು."

ಅಮ್ಮ ಗುರಾಣಿಯ ಅಂಚನ್ನು ಬೆರಳಿನಿಂದ ಸವರಿದಳು. ಕತ್ತರಿಯ ಬಾಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ತನ್ನ ಬಲಗೈಯನ್ನು ಮುಂದೆ ಚಾಚಿ, ಬೆರಳುಗಳನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಬೈಗುಳ ಶುರುವಾದದ್ದು ಆಗ. ಕತ್ತರಿಯಿಂದ ಶುರುವಾಗಿ, ಅಂಟು ಮೆತ್ತಿದ ಚಾಪೆಗೆ ಹೋಗಿ, ಹೋದ ವರ್ಷ ಕಳೆದ ಛತ್ರಿಯನ್ನೂ ಮುಟ್ಟಿ ಬಂತು. ಗುಬ್ಬಿ ಎಲ್ಲವನ್ನೂ ಕೇಳಿಸಿಕೊಂಡಳು. ವಿಚಿತ್ರವೆಂದರೆ, ಬೈಯುತ್ತಾ ಬೈಯುತ್ತಾ ಅಮ್ಮನ ಮುಖ ಗೆಲುವಾಗುತ್ತಾ ಹೋಯಿತು.

"ನಡಿ, ಸಾಣೆ ಅಂಗಡಿ ಮುಚ್ಚೋದ್ರೊಳಗೆ ಹೋಗೋಣ. ನಾಳೆ ಬೆಳಿಗ್ಗೆ ಎದ್ದು ಕೂತರೆ ಕೋಟು ಮುಗಿಯುತ್ತೆ. ಗುಂಡಿ ಹಾಕೋ ಕೆಲಸ ನಿಂದೇ" ಎಂದಳು ಅಮ್ಮ.

ಒಳಗಿನಿಂದ ಅಣ್ಣ, ಗೇಮ್ ಆನ್ ಮಾಡಿದ್ದೀನಿ ಬಾರೇ ಎಂದು ಕರೆದ. ಆಮೇಲೆ ಬರ್ತೀನಿ ಎಂದಳು ಗುಬ್ಬಿ.

ರಸ್ತೆಯಲ್ಲಿ ಅಮ್ಮ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು, ಕೈ ಬೀಸುತ್ತಾ ಬೇಗಬೇಗ ನಡೆದಳು. ನಡೆಯುತ್ತಾ ಯಾವುದೋ ಹಾಡು ಗುನುಗತೊಡಗಿದಳು. ಈ ಐದು ದಿನ ಅಮ್ಮ ಒಮ್ಮೆಯೂ ಗುನುಗಿರಲಿಲ್ಲ ಎನ್ನುವುದು ಗುಬ್ಬಿಗೆ ಹೊಳೆದದ್ದು ಆಗಲೇ. ಅವಳು ಓಡಿಹೋಗಿ ಅಮ್ಮನ ಪಕ್ಕ ಸೇರಿಕೊಂಡಳು. ಅಂಗಡಿ ಬರುವವರೆಗೂ ಒಂದು ಮಾತನ್ನೂ ಆಡದೆ ಆ ಹಾಡನ್ನು ಕೇಳುತ್ತಾ ನಡೆದಳು.