ಬಣ್ಣ ಹಾಕದ ರೇಷ್ಮೆ

ಅವನು!

ಬನಶಂಕರಿಯ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು.

ಬಾಗಲಕೋಟೆಯ ಹೈಸ್ಕೂಲಿನ ದೊಡ್ಡ ಕೋಣೆ. ಸಾಲಾಗಿ ಕೂತ ಐವತ್ತು ಹುಡುಗರು. ಅವರ ಹಿಂದೆ ಗೋಡೆಗೆ ಒರಗಿ ನಿಂತ ಮಾಸ್ತರ... ಹುನಗುಂದದ ರಾಚಪ್ಪ. ಎರಡು ವರ್ಷದ ಹಿಂದೆ ಅವಳಿಗೆ ನಿಶ್ಚಯವಾಗಿದ್ದ ವರ! ಆವತ್ತು ಕಿಟಕಿಯ ಸಂದಿಯಿಂದ ಕದ್ದು ನೋಡಿದ ಅದೇ ಮುಖ.

ಅವನೂ ನೋಡಿದ. ಗೋಡೆ ಬಿಟ್ಟು ನೆಟ್ಟಗೆ ನಿಂತ.

"ಕಾಸಿಂಬಿ ಚಿಗವ್ವ, ನಡಿ... ಹೊಳ್ಳಿ ಊರಿಗೆ ಹೋಗೂಣು."

ಕಾಸಿಂಬಿ ಇಳಕಲ್ಲಿನಲ್ಲಿ ಅವರ ಪಕ್ಕದ ಮನೆಯಾಕೆ, ರೇಷ್ಮೆಗೆ ಬಣ್ಣ ಹಾಕುವವಳು. "ಯಾಕ? ಎರಡು ದಿನ ಗಾಡ್ಯಾಗ ಕುಲುಕಿ ನನ್ನ ಎಲುಬು ಪುಡಿ ಆಗ್ಯಾವು!"

"ಅಲ್ಲಿ ನಿಂತಾನ ನೋಡು... ಬಿಳಿ ರೇಷ್ಮಿ ಕಳಿಸಿದಾಂವ."

ಕಾಸಿಂಬಿ ಕಣ್ಣು ಕಿರಿದು ಮಾಡಿ ನೋಡಿದಳು. "ಹಂಗಾದ್ರ ಹೋಗಲೇಬ್ಯಾಡ. ಮಾತಾಡು. ಅಂವನೂ ಕೇಳ್ಲಿ!"

ಅಲ್ಲಿನ ಹೆಡ್ ಮಾಸ್ತರರದು ಒಂದು ಪದ್ಧತಿ. ಶನಿವಾರ ಪುಸ್ತಕ ಮುಚ್ಚಿಸಿ, ದುಡಿದು ಬದುಕಿದ ಯಾರನ್ನಾದರೂ ಕರೆಸಿ ಅವರ ಬಾಳಿನ ಕಥೆ ಹೇಳಿಸುತ್ತಿದ್ದರು. ಹೋದ ವಾರ ಹರಿಗೋಲಿನ ಚಮನಸಾಬ ಬಂದಿದ್ದ. ಈ ವಾರ ಇಳಕಲ್ಲಿನ ನೇಕಾರ ಹೊಳಬಸಪ್ಪನಿಗೆ ಕರೆ ಹೋಗಿತ್ತು. ಆದರೆ ಲಕ್ವ ಹೊಡೆದು ಅವನ ಬಲಗೈ ಬಿದ್ದು ವರ್ಷವಾಗಿತ್ತು, ನಾಲಗೆ ತೊದಲುತ್ತಿತ್ತು. "ನೀ ಹೋಗವ್ವ. ಈಗ ಮಗ್ಗದಾಗ ಕೂಡಾಕಿ ನೀನ," ಎಂದು ಮಗಳನ್ನೇ ಕಳಿಸಿದ್ದ.

"ಹೆಣ್ಮಗಳು ಏನ್ ಹೇಳ್ತಾಳ ಲೇ!" ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.

ಬನಶಂಕರಿಗೆ ಅದು ಕೇಳಿಸಿತು. ಸೆರಗು ಬಿಗಿದುಕೊಂಡು ನೇರ ಮುಂದೆ ನಡೆದಳು.

"ಸೀರಿ ಮೈ ನೂಲಿಂದು, ಸೆರಗು ರೇಷ್ಮಿದು. ಎರಡರ ಎಳಿನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಸಬೇಕು. ಸಾವಿರಾರು ಕೊಂಡಿ. ಅಪ್ಪನ ಕೈ ಬಿದ್ದಾಗ ನಾ ಮಗ್ಗದ ಕುಣಿಯೊಳಗ, ಕಾಲು ಇಳಿಬಿಡೋ ತಗ್ಗಿನೊಳಗ, ಇಳಿದೆ. ಓಣಿಯವರು ನಕ್ಕರು. ಮೊದಲನೇ ಸೀರಿ ಸೆರಗು ಬಿಚ್ಚಿ ಬಂತು. ಎರಡನೇದೂ ಬಿಚ್ಚಿತು..."

"ಮೂರನೇದು?" ಹುಡುಗನೊಬ್ಬ ತಡೆಯಲಾರದೆ ಕೇಳಿದ.

"ಮೂರನೇದನ್ನ ಇಬ್ಬರು ಗಂಡಸರು ಎಳದಾಡಿ ನೋಡಿದ್ರು. ಅವರ ಬೆವತ್ರು, ಸೀರಿ ಬಿಚ್ಚಲಿಲ್ಲ! ಮೊನ್ನೆ ನಮ್ಮೂರ ಸೀರಿ ವ್ಯಾಪಾರಿ ಜಾಫರಸಾಬರು ಮಗಳ ಮದವಿಗೆ ನನ್ನ ಕಡೆನ ನೇಯಿಸಿಕೊಂಡು ಹೋದ್ರು."

ಕೋಣೆ ತುಂಬ ಚಪ್ಪಾಳೆ!

"ಅಕ್ಕಾರ, ನಿಮ್ಮ ಮದವಿ ಸೀರಿ ನೀವ ನೇಯ್ದ್ರೇನ್ರಿ?" ಅದೇ ಹುಡುಗ.

"ಏ, ಬಾಯಿ ಮುಚ್ಚು!" ಹೆಡ್ ಮಾಸ್ತರರು ಗದರಿದರು.

"ಇರಲಿ ಬಿಡ್ರಿ, ಹೇಳ್ತೇನಿ." ಬನಶಂಕರಿ ಗೋಡೆಯ ಕಡೆಗೇ ನೋಡಿದಳು. "ನಮ್ಮ ಓಣಿಯೊಳಗ ಮದವಿ ಸೀರಿ ನೂಲು ಹೆಣ್ಣಿನ ಮನಿದು, ಸೆರಗಿನ ಕೆಂಪು ರೇಷ್ಮಿ ಗಂಡಿನ ಮನಿದು. ನನಗ ಬಂದದ್ದು ಬಣ್ಣ ಹಾಕದ ಬಿಳಿ ರೇಷ್ಮಿ. ಬಿಳಿ ಬಂತಂದ್ರ 'ಈ ಸಂಬಂಧ ಬ್ಯಾಡ' ಅಂತ ಅರ್ಥ. ಅವತ್ತ ಕಣ್ಣೀರು ಹಾಕಿದೆ. ಅಪ್ಪನ ಕೈ ಬಿದ್ದ ಮ್ಯಾಲೆ ಅಳಾಕ ಪುರಸೊತ್ತ ಸಿಗಲಿಲ್ಲ. ಇಷ್ಟ ನನ್ನ ಕಥಿ."



ರಾಚಪ್ಪ ಹುಡುಗರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ. ಮುಖ ಬೆವರಿತ್ತು. "ಸಾಹೇಬ್ರ, ಇವತ್ತ ಇನ್ನೊಬ್ಬರ ಕಥಿ ಐತ್ರಿ... ನಂದು."

ಅಯ್ಯೋ, ಇಷ್ಟು ಜನರ ಮುಂದೆ ಏನು ಹೇಳುತ್ತಾನೆ! ಬನಶಂಕರಿ ಬಾಗಿಲ ಕಡೆ ನೋಡಿದಳು.

"ಹುಡುಗರ, ನಾ ಜೋಳದ ವ್ಯಾಪಾರಿ ಮಗ. ತಾಯಿ ಇಲ್ಲದ ಮನಿ. ಮಗ್ಗದವರ ರೂಢಿ ಹೇಳವ್ರು ಇರಲಿಲ್ಲ. ರೇಷ್ಮಿ ಕೊಂಡು ಕಳಿಸು ಅಂದ ಅಪ್ಪ. ಪ್ಯಾಟ್ಯಾಗ ನೋಡಿದ್ರ ಹತ್ತು ತರದ ಕೆಂಪು! ನೇಕಾರರ ಮಗಳಿಗೆ ನಾ ಬಣ್ಣ ಆರಿಸೂದಾ? ಆಕಿ ಮನಸಿಗೆ ಬಂದ ಕೆಂಪು ಆಕೀನ ಹಾಕಿಸಿಕೊಳ್ಳಲಿ ಅಂತ... ಬಿಳೀದನ್ನ ಕಳಿಸಿದೆ."

ಬನಶಂಕರಿಯ ಕಣ್ಣುಗಳು ಅಗಲವಾದವು.

"ಎರಡು ವರ್ಷ ಉತ್ತರ ಬರಲಿಲ್ಲ. ನಾ ಆಕಿಗೆ ಬ್ಯಾಡಾದೆ ಅಂತ ತಿಳಿದೆ. ಹೋಗಿ ಕೇಳೋ ಧೈರ್ಯ ಆಗಲಿಲ್ಲ. ಕಡೀಕ ಅವರಪ್ಪನ ಹೆಸರು ಹೆಡ್ ಮಾಸ್ತರಿಗೆ ಹೇಳಿದಾಂವ ನಾನ. ಅವರು ಬಂದ್ರ ಕೇಳಬೇಕಂತಿದ್ದೆ... ಆಕೀನ ಬಂದ್ಲು."

"ಅಯ್ಯ ಅಲ್ಲಾ!" ಕಾಸಿಂಬಿ ಹಣೆ ಬಡಿದುಕೊಂಡಳು. "ಇಷ್ಟು ಶಾಣ್ಯಾನೂ ಇಷ್ಟು ಹುಚ್ಚನೂ ಒಬ್ಬಾಂವನ ಹ್ಯಾಂಗಾದಿ ಮಾರಾಯ! ರೇಷ್ಮಿ ಜೋಡಿ ಎರಡು ಸಾಲು ಬರದಿದ್ರ ನಿನ್ನ ಶಾಯಿ ತೀರತಿತ್ತೇನು?"

ಹುಡುಗರು ಹೋ ಎಂದು ನಕ್ಕರು. ಹೆಡ್ ಮಾಸ್ತರರೂ ಮೀಸೆಯಲ್ಲೇ ನಕ್ಕರು.

ಬನಶಂಕರಿಗೆ ನಗುವೋ ಅಳುವೋ ತಿಳಿಯಲಿಲ್ಲ. ಬೇಡವೆಂದವನಲ್ಲ... ನನ್ನ ಮನಸ್ಸನ್ನು ಕೇಳಿದವನು! ನಮಗೇ ಅದು ಅರ್ಥವಾಗಲಿಲ್ಲವಲ್ಲ...

ಅವಳು ಬಾಗಿಲ ಕಡೆ ಹೊರಟಾಗ ಐವತ್ತೂ ಹುಡುಗರು ಎದ್ದು ನಿಂತರು. ಯಾರೂ ಹೇಳಿರಲಿಲ್ಲ. ಪಿಸುಗುಟ್ಟಿದ್ದವನೇ ಎಲ್ಲರಿಗಿಂತ ಮೊದಲು ಕೈ ಮುಗಿದ.

ರಾಚಪ್ಪ ಪಡಸಾಲೆಗೆ ಅವಳ ಹಿಂದೆಯೇ ಬಂದ. ಕಾಸಿಂಬಿ ಎತ್ತುಗಳಿಗೆ ನೀರು ಕುಡಿಸುವ ನೆಪ ಮಾಡಿಕೊಂಡು ದೂರ ಹೋದಳು.

"ನಾಳೇನ ಹೊಂಟು ಇಳಕಲ್ಲಿಗೆ ಬಂದು ನಿಮ್ಮ ಅಪ್ಪಾರನ್ನ ಕೇಳ್ತೇನಿ."

"ಅವರನ್ನ ಆಮ್ಯಾಲೆ ಕೇಳ್ರಿ. ಮೊದಲು ನನ್ನ ಕೇಳ್ರಿ."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಬನಶಂಕರಿ... ನನ್ನ ಮದವಿ ಮಾಡ್ಕೋತಿಯೇನು?"

"ನಾ ಮಗ್ಗ ಬಿಡಾಕಿ ಅಲ್ಲ. ಅಪ್ಪನ್ನ ಬಿಟ್ಟೂ ಇರಾಕಿ ಅಲ್ಲ."

"ಎರಡೂ ಬಿಡಬ್ಯಾಡ. ಅಪ್ಪಾರೂ ಇಲ್ಲೇ ಬರ್ಲಿ. ಮನಿಯೊಳಗ ಮಗ್ಗದ ಕುಣಿ ನಾನ ತೋಡ್ತೇನಿ. ಎಷ್ಟು ಆಳ ಬೇಕು ಹೇಳು."

"ನನ್ನ ಮೊಣಕಾಲು ಮುಳುಗೋವಷ್ಟು."

"ಇಬ್ಬರು ಕೂಡೋವಷ್ಟು ಅಗಲ?"

ಅವಳ ನಗು ಕಡೆಗೂ ತುಟಿ ದಾಟಿತು. "ಮಗ್ಗದಾಗ ಒಬ್ಬರ ಕೂಡೂದು, ಮಾಸ್ತರ್ರ! ನೀವು ಕುಣಿ ದಂಡೀಗೆ ಕೂತು ಪುಸ್ತಕ ಓದ್ರಿ... ನಾ ನೇಯ್ಕೋತ ಕೇಳ್ತೇನಿ."